ಪುತ್ತೂರು ಸೀಮೆಯ ಮನೆವಾರ್ತೆಯಲ್ಲಿ ಮಿತವ್ಯಯ

ಅರಸರ ವಂಶಾವಳಿಗಳೂ ಶಾಸನಗಳೂ ಒಂದು ನಾಡಿನ ಇತಿಹಾಸಕ್ಕೆ ಎಷ್ಟು ಅವಶ್ಯಕವೋ, ಆ ನಾಡಿನ ಒಲೆ, ದೀಪ, ಬಾವಿಗಳ ವೃತ್ತಾಂತವೂ ಅಷ್ಟೇ ಅವಶ್ಯಕವಾದುದು. ಅರಸು ಬದಲಾದ ವರ್ಷದಲ್ಲಿಯೂ ಜನರು ಎರಡು ಹೊತ್ತು ಗಂಜಿ ಬೇಯಿಸಿದರು, ಸಂಜೆಗೆ ದೀಪ ಹಚ್ಚಿದರು, ಬೇಸಗೆಯಲ್ಲಿ ತೋಟಕ್ಕೆ ನೀರೆರೆದರು. ಈ ಮೂರು ಕಾರ್ಯಗಳಿಗೆ ಬೇಕಾದ ಕಟ್ಟಿಗೆಯೂ ಎಣ್ಣೆಯೂ ಶ್ರಮವೂ ಎಲ್ಲಿಂದ ಬಂದವು, ಯಾರು ತಂದರು, ಅವುಗಳನ್ನು ಹೇಗೆ ಉಳಿಸಿದರು ಎಂಬುದನ್ನು ವಿಚಾರಿಸಿದಲ್ಲಿ ಒಂದು ಸೀಮೆಯ ಜೀವನಕ್ರಮವೇ ಕಣ್ಣಿಗೆ ಕಟ್ಟುವುದು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ಪ್ರದೇಶಗಳು ಇಂತಹ ವಿಚಾರಕ್ಕೆ ಬಹಳ ಅನುಕೂಲವಾದುವು.

ಬ್ರಿಟಿಷರ ಆಳಿಕೆಯ ಕಾಲದಲ್ಲಿ ಈ ಪ್ರದೇಶಗಳು ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನೊಳಗೆ ಅಡಗಿದ್ದುವು. ಅಮರ ಸುಳ್ಯ ಸೀಮೆಯು ಮಾತ್ರ 1834ರವರೆಗೆ ಕೊಡಗಿನ ಅರಸರಿಗೆ ಸೇರಿದ್ದು, ಆ ಬಳಿಕ ಕೆನರಾ ಜಿಲ್ಲೆಗೆ ಕೂಡಿತು. ಸುಬ್ರಹ್ಮಣ್ಯದಿಂದ ಇಳಿದು ಬರುವ ಕುಮಾರಧಾರೆಯು ಕಡಬದ ಸೀಮೆಯನ್ನು ಹಾಯ್ದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಪಯಸ್ವಿನಿಯು ಸುಳ್ಯವನ್ನು ಸೋಂಕಿ ಪಡುವಲಿಗೆ ಹೋಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿದ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದು. ಇಲ್ಲಿನ ಮನೆಗಳು ಘಟ್ಟದ ಮೇಲಿನ ಊರುಗಳಂತೆ ಒಂದೆಡೆ ಸೇರಿದುವಲ್ಲ. ತೋಟಕ್ಕೊಂದು ಮನೆ, ಗುಡ್ಡದ ಓರೆಗೊಂದು ಮನೆ ಎಂಬಂತೆ ಚದರಿರುವುವು. ಆದಕಾರಣ ಮಳೆಗಾಲಕ್ಕೆ ಒಣ ಕಟ್ಟಿಗೆ, ಬೇಸಗೆಗೆ ನೀರು, ಈ ಎರಡನ್ನೂ ಪ್ರತಿಯೊಂದು ಮನೆಯೂ ತನ್ನ ತಾನೇ ಹೊಂದಿಸಿಕೊಳ್ಳಬೇಕಾಗಿತ್ತು. ಈ ಸೀಮೆಯ ಮಿತವ್ಯಯವೆಲ್ಲವೂ ಹುಟ್ಟಿದುದು ಈ ಎರಡು ಚಿಂತೆಗಳಿಂದಲೇ. ಪುತ್ತೂರಿನಲ್ಲಿ ನೆಲಸಿದ್ದ ಕೋಟ ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ‘ಬೆಟ್ಟದ ಜೀವ’ ಎಂಬ ಕಾದಂಬರಿಯು ಕುಮಾರಪರ್ವತದ ತಪ್ಪಲಲ್ಲಿ ಕಾಡಿನ ನಡುವೆ ತೋಟವೆಬ್ಬಿಸಿದ ಇಂತಹ ಒಂಟಿಮನೆಯ ಕಥೆಯೇ ಆಗಿದೆ.

ಈ ಮನೆವಾರ್ತೆಯ ಮೂಲವು ಗುಡ್ಡದಲ್ಲಿತ್ತು. ಜಿಲ್ಲೆಯ ಭೂವ್ಯವಸ್ಥೆಯಲ್ಲಿ ವರ್ಗದ ಜಮೀನಿನ ಸುತ್ತ ನೂರು ಗಜದೊಳಗಿನ ಸರಕಾರೀ ಭೂಮಿಗೆ ‘ಕುಮ್ಕಿ’ ಎಂದು ಹೆಸರು. ಪಾರಸೀ ಮೂಲದ ಈ ಶಬ್ದಕ್ಕೆ ಸಹಾಯವೆಂದೇ ಅರ್ಥ. ಭೂಮಿಯ ಒಡೆತನವು ಸರಕಾರದ್ದು. ಆದರೆ ಅಲ್ಲಿನ ಸೊಪ್ಪು, ತರಗೆಲೆ, ಒಣ ಕಟ್ಟಿಗೆ, ದನಗಳ ಮೇವು ಇವುಗಳನ್ನು ಬೇಸಾಯಕ್ಕೂ ಮನೆಬಳಕೆಗೂ ಪಡೆಯುವ ಸೌಲಭ್ಯವು ವರ್ಗದಾರನದು. 1860ರಲ್ಲಿ ಮದ್ರಾಸು ಸರಕಾರವು ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ತಡೆಯಿತು. 1882ರ ಮದ್ರಾಸು ಅರಣ್ಯ ಕಾಯಿದೆಯ ಬಳಿಕ ರಕ್ಷಿತಾರಣ್ಯಗಳ ಗಡಿಗಳು ಬಿಗಿಯಾದುವು. ಹೀಗೆ ದೊಡ್ಡ ಕಾಡಿನ ಬಾಗಿಲು ಕ್ರಮಕ್ರಮವಾಗಿ ಮುಚ್ಚುತ್ತ ಬಂದಂತೆ ಮನೆಯ ಬೆನ್ನಿಗಿದ್ದ ಕುಮ್ಕಿಯ ಬೆಲೆ ಏರುತ್ತ ಹೋಯಿತು. ಮಿತವಾದ ಗುಡ್ಡವನ್ನು ಅಮಿತವಾಗಿ ಸವರಿದವನು ಮುಂದಿನ ವರ್ಷ ತಾನೇ ಕಷ್ಟಪಡಬೇಕಾದುದರಿಂದ, ಮರವನ್ನು ಬುಡದಿಂದ ಕಡಿಯದೆ ಗೆಲ್ಲು ಸವರುವುದೇ ವಿವೇಕಿಗಳ ಮಾರ್ಗವಾಗಿತ್ತು.

ಗುಡ್ಡದ ಸೊಪ್ಪು ನೇರವಾಗಿ ತೋಟಕ್ಕೆ ಹೋಗುತ್ತಿರಲಿಲ್ಲ. ಅದು ಮೊದಲು ಹಟ್ಟಿಗೆ ಬಂದು ದನಗಳ ಕಾಲಡಿಯಲ್ಲಿ ಹಾಸಾಗಿ, ಸೆಗಣಿ ಗಂಜಲಗಳಲ್ಲಿ ನೆನೆದು, ಗೊಬ್ಬರವಾಗಿ ಮಾಗಿ, ಅಡಿಕೆಯ ಬುಡವನ್ನೋ ಗದ್ದೆಯನ್ನೋ ಸೇರುತ್ತಿತ್ತು. ತೋಟವು ಮನೆಗೆ ಹಿಂದಿರುಗಿಸುತ್ತಿದ್ದುದು ಅಡಿಕೆ, ತೆಂಗಿನಕಾಯಿಗಳನ್ನು ಮಾತ್ರವಲ್ಲ. ಹಣ್ಣಡಿಕೆಯ ತೂಕದಲ್ಲಿ ಅರ್ಧಕ್ಕಿಂತಲೂ ಹೆಚ್ಚು ಪಾಲು ಸಿಪ್ಪೆಯೇ. ಆ ಸಿಪ್ಪೆಯು ಬಚ್ಚಲಿನ ಒಲೆಗೆ. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆಯ ಸೋಗೆ ಇವೆಲ್ಲ ಉರುವಲು. ಅಡಿಕೆಯ ಹಾಳೆಯು ತಲೆಗೆ ಮುಟ್ಟಾಳೆ, ಸೆಕೆಗೆ ಬೀಸಣಿಗೆ, ಊಟಕ್ಕೆ ಎಲೆ. ಒಣಗಿ ಹರಿದ ಮೇಲೆ ಅದೂ ಒಲೆಗೆ. ಒಲೆಯ ಬೂದಿಯು ಪಾತ್ರೆ ಬೆಳಗಲು ಉಪಯೋಗವಾಗಿ, ಉಳಿದುದು ಮರಳಿ ತೋಟದ ಬುಡಕ್ಕೆ. ಒಂದರ ಕಸವು ಇನ್ನೊಂದರ ಆಹಾರವಾಗುವ ಈ ಚಕ್ರದಲ್ಲಿ ಎಸೆಯುವುದಕ್ಕೆ ಏನೂ ಮಿಗುತ್ತಿರಲಿಲ್ಲ. ಇದನ್ನು ಯಾರೂ ಮಿತವ್ಯಯವೆಂದು ಕರೆಯಲಿಲ್ಲ. ಬೇರೆ ರೀತಿಯಲ್ಲಿ ಮನೆ ನಡೆಸುವುದು ಸಾಧ್ಯವೆಂಬುದೇ ಅಂದಿನವರಿಗೆ ತೋರಿರಲಿಲ್ಲ.

ಒಲೆಯ ಬಳಿಯಲ್ಲಿಯೂ ಹೀಗೆಯೇ ಬೆಂಕಿಯ ಪ್ರತಿಯೊಂದು ಅಂಶಕ್ಕೂ ಕೆಲಸವಿತ್ತು. ಒಲೆಯ ಮೇಲಣ ಅಟ್ಟದಲ್ಲಿ ಮಳೆಗಾಲದ ಕಟ್ಟಿಗೆಯೂ ತೆಂಗಿನಕಾಯಿಯೂ ಬೀಜದ ಸಾಮಗ್ರಿಗಳೂ ಹೊಗೆಗೆ ಒಣಗಿ, ಹುಳು ಬೂಸಲುಗಳಿಂದ ಪಾರಾಗುತ್ತಿದ್ದುವು. ಈ ಸೀಮೆಯ ಕುಚ್ಚಿಲಕ್ಕಿಯು ಬೆಳ್ತಿಗೆ ಅಕ್ಕಿಗಿಂತ ಬಹಳ ಹೆಚ್ಚು ಹೊತ್ತು ಬೇಯಬೇಕಾದುದು. ಆದುದರಿಂದ ಒಂದು ಕುದಿ ಬಂದ ಮೇಲೆ ಉರಿಯನ್ನು ಹಿಂದೆಗೆದು, ಪಾತ್ರೆಯ ಬಾಯಿ ಮುಚ್ಚಿ, ಕೆಂಡದ ಕಾವಿನಲ್ಲಿಯೇ ಅನ್ನವನ್ನು ಅರಳಿಸುವ ಉಪಾಯವನ್ನು ಗೃಹಿಣಿಯರು ಬಲ್ಲವರಾಗಿದ್ದರು. ಬಸಿದ ತಿಳಿಯು ಹಟ್ಟಿಯ ದನಗಳಿಗೆ. ರಾತ್ರಿ ಕೆಂಡವನ್ನು ಬೂದಿಯೊಳಗೆ ಹುದುಗಿಸಿಟ್ಟರೆ ಬೆಳಿಗ್ಗೆ ಕಡ್ಡಿ ಗೀರುವ ಅಗತ್ಯವಿಲ್ಲ. ನೆರೆಯ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರಪಡಿಸಿದ ‘ಚೂಡಾರಪ್ಪೆಟ್ಟಿ’, ಅಂದರೆ ಕುದಿದ ಅನ್ನದ ಪಾತ್ರೆಯನ್ನು ಶಾಖವು ಹೊರಹೋಗದಂತೆ ಮುಚ್ಚಿಡುವ ಪೆಟ್ಟಿಗೆಯು, ಇದೇ ತತ್ತ್ವವನ್ನು ಹೊಸ ರೂಪದಲ್ಲಿ ಬಳಸಿದುದಾಗಿದೆ.

ಸೂರ್ಯನ ಶಾಖವನ್ನು ಬಳಸಿಕೊಳ್ಳುವುದರಲ್ಲಿಯೂ ಈ ಸೀಮೆಯು ಹಿಂದುಳಿದಿರಲಿಲ್ಲ. ಮಲೆನಾಡಿನ ಕೆಂಪಡಿಕೆಯನ್ನು ಎಳೆಯದಾಗಿ ಕೊಯ್ದು ಸುಲಿದು ದೊಡ್ಡ ಹಂಡೆಗಳಲ್ಲಿ ಬೇಯಿಸಬೇಕು. ಅದಕ್ಕೆ ಹೊರೆಹೊರೆಯಾಗಿ ಕಟ್ಟಿಗೆ ಬೇಕು. ಪುತ್ತೂರು ಸುಳ್ಯಗಳ ಚಾಲಿ ಅಡಿಕೆಯಾದರೋ ಹಣ್ಣಾದ ಬಳಿಕ ಕೊಯ್ದು, ಅಂಗಳದಲ್ಲಿ ಹರಡಿ, ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿದುದು. ಸೀಮೆಯ ಪ್ರಧಾನ ವಾಣಿಜ್ಯವಸ್ತುವು ಒಂದು ಕಡ್ಡಿ ಕಟ್ಟಿಗೆಯನ್ನೂ ಉರಿಸದೆ ಸಿದ್ಧವಾಗುವುದೆಂಬುದು ಗಮನಾರ್ಹವಾದ ಸಂಗತಿ.

ಇನ್ನು ನೀರಿನ ವಿಷಯ. ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗವೇ ಈ ಪ್ರದೇಶದ ಅತ್ಯಂತ ವಿಶಿಷ್ಟವಾದ ಜಲಸಾಧನ. ಕಾಸರಗೋಡಿನ ಉತ್ತರಭಾಗದಲ್ಲಿಯೂ, ಅದಕ್ಕೆ ತಾಗಿದ ಬಂಟ್ವಾಳ ಪುತ್ತೂರು ಸುಳ್ಯಗಳ ತೆಂಕಣ ಗ್ರಾಮಗಳಲ್ಲಿಯೂ ಇವು ಕಾಣಸಿಗುತ್ತವೆ. ಒಬ್ಬನು ಬಗ್ಗಿ ನಡೆಯುವಷ್ಟು ಎತ್ತರ, ಗುದ್ದಲಿ ಬೀಸುವಷ್ಟು ಅಗಲ. ಗುಡ್ಡದೊಳಗೆ ಒಸರು ಸಿಕ್ಕುವವರೆಗೆ ತೋಡುವುದು. ಸುರಂಗದ ನೆಲವು ಬಾಯಿಯ ಕಡೆಗೆ ತುಸು ಇಳಿಜಾರಾಗಿರುವುದರಿಂದ ನೀರು ತಾನಾಗಿಯೇ ಹರಿದು ಬರುವುದು. ಅದನ್ನು ಅಡಿಕೆಮರದ ದಂಬೆಯಲ್ಲಿ ಇಳಿಸಿ ಕೆರೆಯಲ್ಲಿ ನಿಲ್ಲಿಸಿದರೆ ಮನೆಗೂ ತೋಟಕ್ಕೂ ಆಯಿತು. ಏತವಿಲ್ಲ, ಎತ್ತಿಲ್ಲ, ಎಣ್ಣೆಯಿಲ್ಲ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, 3 ಅಶ್ವಶಕ್ತಿಯ ಪಂಪು ಐದು ಗಂಟೆ ಓಡಿದರೆ 11 ಯೂನಿಟಿಗೆ ಕಡಮೆಯಿಲ್ಲದ ವಿದ್ಯುತ್ತು ವ್ಯಯವಾಗುವುದು. ಸುರಂಗವು ದಿನವಿಡೀ ಹರಿದರೂ ವ್ಯಯ ಸೊನ್ನೆ. ಮಳೆಗಾಲ ಕಳೆದ ಮೇಲೆ ತೋಡುಗಳಿಗೆ ಅಡ್ಡಲಾಗಿ ಕಲ್ಲುಮಣ್ಣುಗಳಿಂದ ನೆರೆಹೊರೆಯವರು ಕೂಡಿ ಕಟ್ಟುತ್ತಿದ್ದ ‘ಕಟ್ಟ’ಗಳೂ ಇದೇ ಜಾತಿಗೆ ಸೇರಿದುವು. ಕಟ್ಟವು ನೀರನ್ನು ತಡೆದು ನೆಲದೊಳಕ್ಕೆ ಇಳಿಸುವುದರಿಂದ ಸುತ್ತಣ ಬಾವಿಗಳ ಮಟ್ಟವೇರಿ, ನೀರೆತ್ತುವ ಶ್ರಮವು ಅಷ್ಟರಮಟ್ಟಿಗೆ ತಗ್ಗುವುದು.

ಬೆಳಕಿನ ವಿಷಯದಲ್ಲಿ ಮಾತ್ರ ಈ ಸೀಮೆಯು ಹೊರಗಿನ ಪ್ರಪಂಚಕ್ಕೆ ಬಹುಬೇಗನೆ ಅಧೀನವಾಯಿತು. ಹಿಂದೆ ದೇವರ ಮುಂದೆ ತೆಂಗಿನೆಣ್ಣೆಯ ದೀಪ, ಮನೆಯೊಳಗೆ ಹೊನ್ನೆ ಎಣ್ಣೆಯ ಹಣತೆ, ದಾರಿಗೆ ಒಣಮಡಲಿನ ಸೂಟೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಿಮಿಣಿ ಎಣ್ಣೆಯು ಕರಾವಳಿಯ ಬಂದರುಗಳ ಮೂಲಕ ಒಳನಾಡಿಗೆ ಪ್ರವೇಶಿಸಿತು. ಅದರ ಬೆಳಕು ಹೆಚ್ಚು, ಉಪಯೋಗಿಸುವ ಕಷ್ಟ ಕಡಮೆ. ಹೊನ್ನೆಯ ಬೀಜ ಹೆಕ್ಕುವವರು ಕ್ರಮೇಣ ಇಲ್ಲದಾದರು. ಆದರೆ 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾದೊಡನೆ ಅಲ್ಲಿಂದ ಬರುತ್ತಿದ್ದ ಎಣ್ಣೆಯು ನಿಂತುಹೋಗಿ, ದೇಶದ ಎಲ್ಲೆಡೆ ಅದರ ಕ್ಷಾಮವುಂಟಾಯಿತು. ಸಾವಿರಾರು ಮೈಲು ದೂರದ ಯುದ್ಧವು ಘಟ್ಟದ ತಪ್ಪಲಿನ ದೀಪವನ್ನು ನಂದಿಸಬಲ್ಲುದೆಂಬ ಪಾಠವನ್ನು ಆ ವರ್ಷಗಳು ಕಲಿಸಿದುವು. ಮನೆಯಲ್ಲಿಯೇ ದೊರೆಯುವುದನ್ನು ಬಿಟ್ಟು ಕೊಂಡು ತರುವುದನ್ನು ನೆಚ್ಚಿದಾಗ, ಉಳಿತಾಯದ ಬೀಗದಕೈಯು ಪರರ ಹಸ್ತಗತವಾಗುವುದು.

ಇಷ್ಟನ್ನು ಓದಿದ ವಾಚಕರಿಗೆ ಹಳೆಯ ಕಾಲವೇ ಸರ್ವಥಾ ಲೇಸೆಂದು ತೋರಬಹುದು. ಆದರೆ ಲೆಕ್ಕದ ಪುಸ್ತಕದ ಎಡಪುಟವನ್ನೋದಿ ಬಲಪುಟವನ್ನು ಮುಚ್ಚುವುದು ನ್ಯಾಯವಲ್ಲ. ಹಣವು ಉಳಿದುದು ನಿಜ. ಆ ಉಳಿತಾಯವನ್ನು ತೆತ್ತವರು ಬೇರೆಯವರು. ಹೊಗೆ ತುಂಬಿದ ಅಡಿಗೆಮನೆಯಲ್ಲಿ ಮೂರು ಹೊತ್ತು ಊದುಗೊಳವೆ ಹಿಡಿದು ಕುಳಿತವರು ಹೆಂಗಸರು. ಅಟ್ಟದ ಕಟ್ಟಿಗೆಯನ್ನೊಣಗಿಸಿದ ಹೊಗೆಯೇ ಅವರ ಕಣ್ಣುಗಳನ್ನೂ ಶ್ವಾಸಕೋಶಗಳನ್ನೂ ಕೆಡಿಸಿತು. ತಲೆಹೊರೆಯಲ್ಲಿ ಸೊಪ್ಪು ಇಳಿಸಿದವರು, ಏತ ತುಳಿದವರು, ಸುರಂಗದ ಕತ್ತಲೆಯಲ್ಲಿ ಗುದ್ದಲಿ ಹಿಡಿದವರು ಬಹುಮಟ್ಟಿಗೆ ಕೂಲಿಯವರು. ಕುಮ್ಕಿಯ ಸೌಲಭ್ಯವೂ ವರ್ಗದಾರನಿಗೆ ಸೇರಿದುದೇ ಹೊರತು ಚಾಲಗೇಣಿಯ ಒಕ್ಕಲಿಗೆ ಸ್ವಂತದ ಹಕ್ಕೆನಿಸಿರಲಿಲ್ಲ. 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿದಾರನಿಗೆ ಭೂಮಿಯನ್ನು ಕೊಟ್ಟ ಮೇಲೆಯೇ ಅವನು ತನ್ನ ಗೊಬ್ಬರ, ತನ್ನ ಕಟ್ಟಿಗೆ ಎಂದು ಯೋಚಿಸತಕ್ಕವನಾದನು. ಅಡಿಕೆ ತೋಟದಲ್ಲಿ ಕೂಲಿಮಾಡುತ್ತಿದ್ದ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ತಮಗೆ ದೊರೆತ ನೀರಿಲ್ಲದ ಬೋಳುಗುಡ್ಡದಲ್ಲಿ, ದಿನದ ಕೆಲಸ ತೀರಿದ ಮೇಲೆ ಒಂಟಿಯಾಗಿ ಸುರಂಗಗಳನ್ನು ತೋಡಿದರು. ಮೊದಲ ಕೆಲವು ಬರಿದಾದರೂ ಬಿಡದೆ ತೋಡಿ, ಕಡೆಗೆ ನೀರು ತಂದು ತೋಟವೆಬ್ಬಿಸಿದರು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತು ಗೌರವಿಸಿತು. ಪರರಿಗಾಗಿ ಹೊರುವ ಶ್ರಮಕ್ಕೂ ತನ್ನ ನೆಲಕ್ಕಾಗಿ ಪಡುವ ಶ್ರಮಕ್ಕೂ ಇರುವ ಅಂತರವನ್ನು ಈ ಒಂದು ದೃಷ್ಟಾಂತವೇ ತಿಳಿಸುವುದು.

ಆದುದರಿಂದ ಸ್ವಾತಂತ್ರ್ಯಾನಂತರ ಊರೂರಿಗೆ ವಿದ್ಯುತ್ತು ಬಂದಾಗ, ಪಂಪು ಬಂದಾಗ, ಅನಿಲದ ಜಾಡಿ ಬಂದಾಗ ಜನರು ಅವುಗಳನ್ನು ಆದರದಿಂದ ಬರಮಾಡಿಕೊಂಡುದರಲ್ಲಿ ತಪ್ಪೇನೂ ಇಲ್ಲ. ಬೆನ್ನಿನ ಭಾರವಿಳಿಯಿತು. ಆದರೆ ಇಳಿದ ಭಾರವು ಮಾಯವಾಗಲಿಲ್ಲ, ತಿಂಗಳ ಬಿಲ್ಲಿನ ರೂಪವನ್ನು ತಾಳಿತು. ದಂಬೆಯ ಬದಲು ಕೊಳವೆ, ಸುರಂಗದ ಬದಲು ಕೊಳವೆಬಾವಿ. ಮೇಲಿನಿಂದ ಇಳಿದು ಬರುತ್ತಿದ್ದ ನೀರನ್ನು ನೂರಾರು ಅಡಿ ಆಳದಿಂದ ಎತ್ತಬೇಕಾಯಿತು. ದನಗಳು ಕಡಮೆಯಾದುವು, ಗೊಬ್ಬರವು ಚೀಲದಲ್ಲಿ ಬಂದಿತು, ಗುಡ್ಡದ ಸೊಪ್ಪಿಗೆ ಕೇಳುವವರಿಲ್ಲದೆ ಕುಮ್ಕಿಯಲ್ಲಿ ರಬ್ಬರು ನೆಟ್ಟವರೂ ಉಂಟು. ಚಕ್ರದ ಒಂದೊಂದು ಕೀಲು ಕಳಚಿದಂತೆಲ್ಲ ಅದರ ಕೆಲಸವನ್ನು ಪೇಟೆಯಿಂದ ಕೊಳ್ಳಬೇಕಾಯಿತು.

ಈ ಸನ್ನಿವೇಶದಲ್ಲಿ ಹೊಸ ಸಾಧನಗಳಲ್ಲಿ ಯಾವುದು ನೆಲೆನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದು ವಿಚಾರಾರ್ಹವಾಗಿದೆ. ಮೊದಲನೆಯದು ಗೋಬರ್ ಗ್ಯಾಸ್. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 1960ರ ದಶಕದಿಂದ ಪ್ರಚಾರಪಡಿಸಿದ ಈ ಸ್ಥಾವರವು 1981-82ರ ರಾಷ್ಟ್ರೀಯ ಯೋಜನೆಯ ಬಳಿಕ ಕರಾವಳಿ ಮಲೆನಾಡುಗಳ ತೋಟದ ಮನೆಗಳಲ್ಲಿ ವ್ಯಾಪಕವಾಗಿ ಬೇರೂರಿತು. ಸುಮಾರು 25 ಕಿಲೋಗ್ರಾಂ ಸೆಗಣಿಯಿಂದ ಒಂದು ಘನಮೀಟರ್ ಅನಿಲ ದೊರೆಯುವುದು. ನಾಲ್ಕೈದು ದನಗಳಿರುವ ಮನೆಯಲ್ಲಿ ದಿನಕ್ಕೆ ಎರಡು ಘನಮೀಟರ್. ಇದು ಸುಮಾರು 7 ಕಿಲೋಗ್ರಾಂ ಕಟ್ಟಿಗೆಗೆ, ಅಥವಾ ಸುಮಾರು 860 ಗ್ರಾಂ ಅಡಿಗೆ ಅನಿಲಕ್ಕೆ ಸಮ. ಅಂದರೆ ಹದಿನಾರು ಹದಿನೇಳು ದಿನಗಳಲ್ಲಿ 14.2 ಕಿಲೋಗ್ರಾಮಿನ ಒಂದು ಜಾಡಿಯ ಅನಿಲವು ಹಟ್ಟಿಯಿಂದಲೇ ಬಂದಂತಾಯಿತು. ಅನಿಲವನ್ನು ಬಿಟ್ಟುಕೊಟ್ಟ ಬಗ್ಗಡವು ಗೊಬ್ಬರದ ಗುಣವನ್ನು ಕಳೆದುಕೊಳ್ಳದೆ ತೋಟಕ್ಕೇ ಹೋಗುವುದು. ಹಳೆಯ ಚಕ್ರದಲ್ಲಿ ಯಾವ ಕೀಲನ್ನೂ ಮುರಿಯದೆ, ಹೊಗೆಯೊಂದನ್ನು ಮಾತ್ರ ಹೊರಹಾಕಿದುದು ಇದರ ಹಿರಿಮೆ. ದನವಿರುವವರೆಗೆ ಇದು ಉಳಿಯುವುದು. ಹಟ್ಟಿ ಬರಿದಾದ ಮನೆಯಲ್ಲಿ ಇದೂ ಬರಿದಾಗಿರುವುದು.

ಎರಡನೆಯದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಗ್ರಾಮಜೀವನಕ್ಕೆ ವಿಜ್ಞಾನವನ್ನು ಅನ್ವಯಿಸುವ ಉದ್ದೇಶವುಳ್ಳದ್ದು. ಸಾಮಾನ್ಯ ಒಲೆಯಲ್ಲಿ ಕಟ್ಟಿಗೆಯ ಶಾಖದ ನೂರಕ್ಕೆ ಹತ್ತರಷ್ಟು ಮಾತ್ರ ಪಾತ್ರೆಗೆ ತಗಲುವುದೆಂದು ಕಂಡು, ಬೂದಿಯನ್ನಿಳಿಸುವ ಜಾಲರಿ, ಮುಚ್ಚಿದ ಉರಿಗೂಡು, ಮೂರು ಪಾತ್ರೆಗಳ ಸಾಲು, ಹೊಗೆಗೊಳವೆ ಇವುಗಳನ್ನು ಕೂಡಿಸಿದ ಒಲೆಯನ್ನು ಅವರು ರಚಿಸಿದರು. ಪ್ರಯೋಗದಲ್ಲಿ ಅದು ನೂರಕ್ಕೆ ನಲವತ್ತರವರೆಗೆ ಶಾಖವನ್ನು ಹಿಡಿಯಿತು. ಆದರೆ ಅಳತೆ ತಪ್ಪಿಸಿ ಕಟ್ಟಿದ ಒಲೆಯಲ್ಲಿ, ಕೊಳವೆಯ ಮಸಿಯನ್ನು ತೆಗೆಯದ ಮನೆಯಲ್ಲಿ ಈ ಲಾಭ ನಿಲ್ಲದು. ಅಲ್ಲದೆ ಹೊಗೆ ಹೊರಗೆ ಹೋದ ಮೇಲೆ ಅಟ್ಟದ ತೆಂಗಿನಕಾಯಿ ಒಣಗುವುದೆಂತು? ಒಲೆಯು ಅಡಿಗೆಗೆ ಮಾತ್ರವಲ್ಲದೆ ಬೇರೆ ನಾಲ್ಕು ಕೆಲಸಗಳಿಗೂ ಬೇಕಾಗಿದ್ದ ಮನೆಗಳಲ್ಲಿ ಒಂದನ್ನು ಸುಧಾರಿಸುವಾಗ ಉಳಿದವುಗಳಿಗೂ ದಾರಿ ಕಲ್ಪಿಸಬೇಕಾಗಿತ್ತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಅನಿಲದ ಒಲೆ ಬಂದರೂ, ಜಾಡಿ ತುಂಬಿಸುವ ಹಣವಿಲ್ಲದ ತಿಂಗಳಲ್ಲಿ ಹಳೆಯ ಒಲೆಯೇ ಗತಿಯಾಗುವುದರಿಂದ, ಒಳ್ಳೆಯ ಕಟ್ಟಿಗೆಯ ಒಲೆಯ ಆವಶ್ಯಕತೆ ಇಂದಿಗೂ ತೀರಿಲ್ಲ.

ಮೂರನೆಯದು ಸೌರದೀಪ. 1995ರಲ್ಲಿ ಹರೀಶ್ ಹಂದೆಯವರು ಸಹಸ್ಥಾಪಿಸಿದ ಸೆಲ್ಕೊ ಸಂಸ್ಥೆಯು ಕರಾವಳಿ ಕರ್ನಾಟಕದ ಒಂಟಿಮನೆಗಳಿಗೆ ಬ್ಯಾಂಕು ಸಾಲದ ಮೂಲಕ ಸೌರದೀಪಗಳನ್ನು ಒದಗಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಚಿಮಿಣಿ ಎಣ್ಣೆಗೆ ವಾರವಾರ ತೆರುತ್ತಿದ್ದ ಹಣವನ್ನೇ ಕಂತಾಗಿ ಕಟ್ಟಿ ದೀಪದ ಒಡೆಯರಾಗುವ ಈ ಕ್ರಮದಿಂದ, ಹೊನ್ನೆ ಎಣ್ಣೆಯ ಕಾಲದಲ್ಲಿ ಮನೆಯೊಳಗಿದ್ದ ಬೀಗದಕೈಯು ಮರಳಿ ಮನೆಗೆ ಬಂದಿತೆನ್ನಬಹುದು. ಆದರೆ ಈ ಸೀಮೆಯ ಆಕಾಶವನ್ನು ಮರೆಯಕೂಡದು. ಆಷಾಢ ಶ್ರಾವಣಗಳಲ್ಲಿ ಸೂರ್ಯನು ದಿನಗಟ್ಟಲೆ ಕಾಣದಿರುವಾಗ ಸೌರ ನೀರೊಲೆಯು ಕೆಲಸಕ್ಕೆ ಬಾರದು. ಆಗ ಬಚ್ಚಲಿನ ಹಂಡೆಗೆ ಅಡಿಕೆ ಸಿಪ್ಪೆಯೇ ಶರಣು. ಬೇಸಗೆಗೆ ಬಿಸಿಲು, ಮಳೆಗಾಲಕ್ಕೆ ಸಿಪ್ಪೆ ಎಂಬ ಪಾಲುಗಾರಿಕೆಯೇ ಇಲ್ಲಿಗೆ ತಕ್ಕುದು. ನೂರು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಕಾಯಿಸಲು ಎರಡು ಯೂನಿಟಿಗೂ ಮಿಕ್ಕಿ ವಿದ್ಯುತ್ತು ಬೇಕಾಗುವುದೆಂಬುದನ್ನು ನೆನೆದರೆ, ಅಂಗಳದಂಚಿನಲ್ಲಿ ಕೊಳೆಯುವ ಸಿಪ್ಪೆಯ ರಾಶಿಯ ಬೆಲೆಯು ತಿಳಿಯುವುದು.

ಪುತ್ತೂರಿನಿಂದಲೇ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಕೃಷಿಕರ ಕೈಯಲ್ಲಿಯೇ ಲೇಖನಿಯನ್ನಿತ್ತು, ಸುರಂಗ, ಕಟ್ಟ, ಮಳೆನೀರಿನ ಹಿಡಿತ ಇವುಗಳ ಅನುಭವವನ್ನು ಮನೆಯಿಂದ ಮನೆಗೆ ಹರಡಿತು. ಪಂಡಿತರ ಉಪದೇಶಕ್ಕಿಂತ ನೆರೆಮನೆಯವನ ಲೆಕ್ಕವು ಹೆಚ್ಚು ನಂಬುಗೆಯನ್ನು ಹುಟ್ಟಿಸುವುದೆಂಬುದಕ್ಕೆ ಈ ಪತ್ರಿಕೆಯ ಬಾಳ್ವೆಯೇ ಸಾಕ್ಷಿ.

ಇಂದಿನ ಕಾಲದಲ್ಲಿ ಮಿತವ್ಯಯಕ್ಕೆ ಹೊಸದೊಂದು ಪರೀಕ್ಷೆ ಬಂದೊದಗಿದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. 2023ರ ಗೃಹಜ್ಯೋತಿಯಿಂದ ಮನೆಗಳಿಗೂ, ಹಿಂದಿನ ಸರಾಸರಿಗೆ ತುಸು ಸೇರಿಸಿ, 200 ಯೂನಿಟಿನ ಮಿತಿಯೊಳಗೆ ಅದು ಉಚಿತ. ಬಡವರಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಬೆಲೆಯಿಲ್ಲದ ವಸ್ತುವನ್ನು ಉಳಿಸಬೇಕೆಂಬ ಬುದ್ಧಿ ಮನುಷ್ಯನಿಗೆ ಸಹಜವಾಗಿ ಹುಟ್ಟದು. 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟು. ಅಷ್ಟೇ ಬೆಳಕಿನ 9 ವಾಟಿನ ಎಲ್‌ಇಡಿಗೆ ಒಂದೂಕಾಲು ಯೂನಿಟಿಗಿಂತ ತುಸು ಹೆಚ್ಚು. ಬಿಲ್ಲಿನಲ್ಲಿ ಈ ಅಂತರವು ಕಾಣದಿದ್ದರೂ ಅಣೆಕಟ್ಟಿನ ನೀರಿನಲ್ಲಿ, ಉಷ್ಣಸ್ಥಾವರದ ಕಲ್ಲಿದ್ದಲಿನಲ್ಲಿ ಅದು ಕಂಡೇ ಕಾಣುವುದು. ಉಚಿತವಾದ ಪಂಪು ಅಂತರ್ಜಲವನ್ನು ಆಳಕ್ಕಿಳಿಸಿದಾಗ ಅದರ ಬಿಲ್ಲನ್ನು ನೆರೆಯವನ ಬಾವಿಯು ತೆರುವುದು. ಹಿಂದೆ ಒಲೆಯ ಮುಂದಿನ ಹೆಂಗಸರೂ ತಲೆಹೊರೆಯ ಕೂಲಿಯವರೂ ತೆತ್ತ ಋಣವನ್ನು ಇಂದು ಕಣ್ಣಿಗೆ ಕಾಣದ ಬೇರೆ ಯಾರೋ ತೆರುತ್ತಿರುವರು.

ಆದಕಾರಣ ಈ ಸೀಮೆಯ ಇತಿಹಾಸವು ಮನೆವಾರ್ತೆಯವರಿಗೆ ಕಲಿಸುವ ನೀತಿಯು ಇಷ್ಟೇ: ಒಂದು ಉಳಿತಾಯವನ್ನು ಹೊಗಳುವ ಮುನ್ನ ಅದರ ಬೆಲೆಯನ್ನು ಯಾರು ಕೊಡುತ್ತಿರುವರೆಂದು ವಿಚಾರಿಸಬೇಕು. ಹಟ್ಟಿಯಲ್ಲಿ ದನವಿರುವ ಮನೆಯಲ್ಲಿ ಗೋಬರ್ ಗ್ಯಾಸ್, ಬಚ್ಚಲಿಗೆ ಹೊಗೆಗೊಳವೆಯುಳ್ಳ ಸಿಪ್ಪೆಯ ಒಲೆ, ಕುಚ್ಚಿಲಕ್ಕಿಗೆ ಮುಚ್ಚಿಟ್ಟ ಕಾವು, ಗುಡ್ಡದಲ್ಲಿ ಸುರಂಗವಿದ್ದರೆ ಅದನ್ನು ಕುಸಿಯಬಿಡದಂತೆ ಕಾಪಾಡುವುದು, ತೋಡಿಗೆ ವರ್ಷಕ್ಕೊಮ್ಮೆ ನೆರೆಯವರೊಡನೆ ಕಟ್ಟ: ಇವುಗಳಿಂದ ಹಣವೂ ಉಳಿಯುವುದು, ಇನ್ನೊಬ್ಬರ ಬೆನ್ನಾಗಲಿ ಉಸಿರಾಗಲಿ ಸವೆಯದು. ಹಿರಿಯರ ಮಿತವ್ಯಯದಿಂದ ಅದರ ಚಕ್ರವನ್ನು ಉಳಿಸಿಕೊಂಡು ಅದರ ಹೊಗೆಯನ್ನು ಬಿಡುವುದೇ ಇಂದಿನವರಿಗೆ ಉಳಿದಿರುವ ಕಾರ್ಯ.